ಮೊದಲ ತೆನೆಯ ಬಾಕಿ

ಡಿಸೆಂಬರಿನ ಕೊನೆಯ ಭಾನುವಾರಕ್ಕೆ ಒಂದೇ ದಿನ ಉಳಿದಿತ್ತು. ಆ ಭಾನುವಾರ ಬೈಲಹೊಂಗಲದ ಸಣ್ಣ ಚರ್ಚಿನಲ್ಲಿ, ಆರಾಧನೆ ಮುಗಿಯುವ ಮುನ್ನ, ಖಜಾಂಚಿ ಮಡಿವಾಳೆಪ್ಪ ಮಾಸ್ತರರು ಎದ್ದು ನಿಂತು ಬೆಳೆಹಬ್ಬದ ಹರಾಜಿನ ಬಾಕಿದಾರರ ಹೆಸರು ಓದುವುದು ವಾಡಿಕೆ. ಶಂಕ್ರೆಪ್ಪನ ಭಯಕ್ಕೆ ಆಗಲೇ ಆರು ವಾರಗಳ ವಯಸ್ಸು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೋಡೆಯ ಮೇಲೆ ಆ ಯಾದಿ ತೂಗಾಡುತ್ತಿತ್ತು; ಅದರಲ್ಲಿ ಅವನ ಹೆಸರು, ಹೆಸರಿನ ಮುಂದೆ ಎಪ್ಪತ್ತೈದು ರೂಪಾಯಿ.

ಬೆಳೆಹಬ್ಬದ ದಿನ ಸಭೆಯವರು ತಮ್ಮ ಮೊದಲ ಫಲವನ್ನು ತಂದು ಪೀಠದ ಮುಂದಿಡುತ್ತಾರೆ. ಕುಂಬಳಕಾಯಿ, ಮೊಟ್ಟೆ, ಕಟ್ಟಿದ ಕಾಲಿನ ಹುಂಜ, ಎಲ್ಲಕ್ಕೂ ಮೊದಲು ಜೋಳದ ತೆನೆಯ ಒಂದು ಕಟ್ಟು. ಆಮೇಲೆ ಅಂಗಳದಲ್ಲಿ ಹರಾಜು. ಪೇಟೆಯ ದರದ ಹತ್ತು ಪಟ್ಟು ಕೂಗಿ ನಗುತ್ತ ಕೊಳ್ಳುವುದು, ದುಡ್ಡು ಇಲ್ಲದವರು ಬರೆಸಿ ಒಯ್ಯುವುದು. ತೆನೆಕಟ್ಟನ್ನು ಇಪ್ಪತ್ತು ವರ್ಷ ಶಂಕ್ರೆಪ್ಪನ ತಂದೆಯೇ ಹರಾಜಿನಲ್ಲಿ ಹಿಡಿದಿದ್ದ. ಅವನ ನಂತರ ಮಗ ಹಿಡಿಯುತ್ತ ಬಂದ. ಈ ವರ್ಷ, ಎಪ್ಪತ್ನಾಲ್ಕರಲ್ಲಿ, ಅವನು ದುಡಿಯುತ್ತಿದ್ದ ಅರಳೆ ಫ್ಯಾಕ್ಟರಿ ಸೆಪ್ಟೆಂಬರಿನಲ್ಲೇ ಬಾಗಿಲು ಹಾಕಿತ್ತು. ಆದರೂ ಮಾಸ್ತರರು ತೆನೆ ಎತ್ತಿದಾಗ ಎಲ್ಲರ ಕಣ್ಣುಗಳು ಅವನತ್ತ ತಿರುಗಿದವು. ಕಿತ್ತೂರಿನಿಂದ ಬಂದ ಅತಿಥಿಯೊಬ್ಬ ಎಪ್ಪತ್ತು ಎಂದ. ತನ್ನ ಬಾಯಿಂದ ಎಪ್ಪತ್ತೈದು ಹೊರಬಿದ್ದದ್ದನ್ನು ಶಂಕ್ರೆಪ್ಪ ಬೇರೆ ಯಾರದೋ ದನಿಯೆಂಬಂತೆ ಕೇಳಿದ್ದ. ಹೆಂಡತಿ ಮರೆವ್ವನಿಗೆ, ಫ್ಯಾಕ್ಟರಿಯ ಹಳೆಯ ಪಗಾರ ಬಂತು, ಅಲ್ಲೇ ತೀರಿಸಿದೆ ಎಂದು ಹೇಳಿದ್ದ.

ಆ ಶನಿವಾರ ಮುಂಜಾನೆ ಮರೆವ್ವ ಮಕ್ಕಳನ್ನು ಕರೆದುಕೊಂಡು ದೊಡವಾಡದ ಅಕ್ಕನ ಮನೆಗೆ ಹೋದಳು. ಅವಳ ಬಸ್ಸಿನ ಧೂಳು ಅಡಗುವ ಮೊದಲೇ ಶಂಕ್ರೆಪ್ಪ ಅವಳ ಹೊಲಿಗೆಯ ಕೈಮಶಿನ್ನನ್ನು ಕಂಬಳಿಯಲ್ಲಿ ಸುತ್ತಿದ. ಮದುವೆಗೆ ಮೊದಲು ಅವಳೇ ದುಡಿದು ಕೊಂಡ ಮಶಿನ್ನು. ಮೂರು ತಿಂಗಳಿಂದ ಮನೆಯ ರೊಟ್ಟಿ ಬರುತ್ತಿದ್ದದ್ದು ಅದರಿಂದಲೇ. ಬೈಲಹೊಂಗಲದಲ್ಲಿ ಒತ್ತೆಯಿಟ್ಟರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಅವನು ಸವದತ್ತಿಯ ಬಸ್ಸು ಹತ್ತಿದ.

ಬಸ್ಸು ಹುಣ್ಣಿಮೆಗೆ ಗುಡ್ಡಕ್ಕೆ ಹೊರಟವರಿಂದ ತುಂಬಿತ್ತು. ತೊಡೆಯ ಮೇಲಿನ ಭಾರ ಮಲಗಿದ ಮಗುವಿನಂತೆ ಬೆಚ್ಚಗಾಗುತ್ತಿತ್ತು. ಸಂಗೊಳ್ಳಿಯ ಯಲ್ಲವ್ವ, ಮರೆವ್ವನ ಗಿರಾಕಿ, ಮುಂದಿನ ಸೀಟಿನಿಂದ ತಿರುಗಿ ನೋಡಿದಳು.

“ಮರೆವ್ವನ ಮಶಿನ್ನಲ್ಲೇನ್ರಿ ಅದು?”

“ಹೌದ್ರಿ. ದುರಸ್ತಿಗೆ ಒಯ್ಯಾಕತ್ತೇನಿ.”

“ಲಗೂನ ಮಾಡಿಸ್ಕೊಂಡ ಬರ್ರಿ. ನನ್ನ ಕುಬಸದ ಅರಿವಿ ಆಕಿ ಕಡೆ ಐತಿ. ಸೋಮವಾರ ಕೊಡ್ತೇನಂದಾಳ. ಆಕಿ ಮಾತು ತಪ್ಪಾಕಿ ಅಲ್ಲ.”

ಶಂಕ್ರೆಪ್ಪ ಕಿಟಕಿಯ ಕಡೆ ಮುಖ ಮಾಡಿದ. ಮನೆಯ ಗೂಟಕ್ಕೆ ನೇತುಬಿದ್ದ ಏಳೆಂಟು ಗಂಟುಗಳು ನೆನಪಾದವು. ಪ್ರತಿ ಗಂಟಿನಲ್ಲೂ ಯಾರೋ ಒಬ್ಬರು ನಂಬಿ ಕೊಟ್ಟ ಬಟ್ಟೆ.

ಸವದತ್ತಿಯ ಬಸವಣ್ಣೆಪ್ಪ ತನ್ನ ಪಾತ್ರೆ-ಭಾಂಡೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒತ್ತೆ ಹಿಡಿಯುತ್ತಿದ್ದ. ಕಾಠಿಣ್ಯವಿಲ್ಲದ, ಮೆದು ಮಾತಿನ ಮನುಷ್ಯ. ಹೆಸರು ಕೇಳಿಕೊಂಡು, ಮಶಿನ್ನಿನ ಹಿಡಿಕೆ ತಿರುಗಿಸಿ ಸದ್ದು ಆಲಿಸಿದ.

“ಚಲೋ ಐತಿ. ನೂರು ಕೊಡ್ತೇನಿ. ತಿಂಗಳಿಗೆ ನಾಕು ರೂಪಾಯಿ ಬಡ್ಡಿ, ಮೊದಲನೇದ್ದು ಈಗ ಮುರ್ಕೊಂತೇನಿ. ಮೂರು ತಿಂಗಳ ದಾಟಿದ್ರ ಮಶಿನ್ ನಂದು. ಯಾತಕ್ಕ ಬೇಕಾಗಿತ್ರಿ?”

“ದೇವರ ಬಾಕಿ ಐತಿ.”

ಬಸವಣ್ಣೆಪ್ಪ ಕನ್ನಡಕದ ಮೇಲಿನಿಂದ ನೋಡಿದ. “ಭಾಳ ಮಂದಿ ಲಗ್ನಕ್ಕ ಅಂತಾರ, ದವಾಖಾನಿಗೆ ಅಂತಾರ. ಇದು ಹೊಸಾದು. ದೇವರ ಬಾಕಿ ತೀರಸಾಕ ನನ್ನ ಬಾಕಿ ಮಾಡ್ಕೊಂತೀರಿ. ಮೂರು ತಿಂಗಳಿಗೆ ನಿಮ್ಮ ದೇವರು ಮಶಿನ್ ಒಯ್ಯಾಂಗಿಲ್ಲ, ಶಂಕ್ರೆಪ್ಪಾರ. ನಾ ಒಯ್ತೇನಿ. ಮನ್ಯಾಗ ಹೇಳೀರಿ?”

“ಹೇಳೇನಿ.”

ಕಾಗದ ಮುಂದೆ ಬಂತು, ರೆವಿನ್ಯೂ ಸ್ಟಾಂಪು ಅಂಟಿಸಿದ ಕಾಗದ. ಅಂದಿಗೆ ಇದು ಎರಡನೆಯ ಸುಳ್ಳು; ಸಹಿ ಹಾಕಿದರೆ ಸಂಜೆ ಮರೆವ್ವನಿಗೆ ಮೂರನೆಯದು ಬೇಕು, ಸೋಮವಾರ ಯಲ್ಲವ್ವನಿಗೆ ನಾಲ್ಕನೆಯದು, ಮುಂದೆ ತಿಂಗಳಿಗೊಂದು. ಸುಳ್ಳಿಗೂ ಬಡ್ಡಿಯುಂಟೆಂಬುದು ಅವನಿಗೆ ಆ ಇಕ್ಕಟ್ಟಾದ ಕೋಣೆಯಲ್ಲಿ, ತಾಮ್ರದ ಕೊಡಗಳ ಮಂಕು ಹೊಳಪಿನಲ್ಲಿ ಕಂಡಿತು. ನಾಳೆಯ ಭಯ ಒಂದು ಗಳಿಗೆಯದು. ಈ ಕಾಗದದ ಭಯಕ್ಕೆ ಮುಂದಿನ ಎಲ್ಲ ತಿಂಗಳುಗಳೂ ಮನೆ. ಯಾವುದನ್ನು ಹೊರಬಲ್ಲೆ ಎಂದು ತೂಗಿ ನೋಡಿದ. ಸಹಿಗೆಂದು ಹಿಡಿದ ಲೇಖನಿಯನ್ನು ಕೆಳಗಿಟ್ಟ.

“ತಪ್ಪ ತಿಳಕೋಬ್ಯಾಡ್ರಿ,” ಎಂದ.

“ನನಗೇನ್ರಿ,” ಬಸವಣ್ಣೆಪ್ಪ ಕಾಗದ ಮಡಿಚಿದ. “ಸ್ಟಾಂಪಿನ ಹತ್ತು ಪೈಸೆ ಕೊಟ್ಟ ಹೋಗ್ರಿ.”

ಮನೆಗೆ ಮರಳಿದಾಗ ಮರೆವ್ವ ಆಗಲೇ ಬಂದಿದ್ದಳು. ಮಶಿನ್ನಿರದ ಮಣೆಯ ಎದುರು, ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕಳ್ಳತನವೆಂದು ಕೂಗಿರಲಿಲ್ಲ, ಒಯ್ದವರು ಯಾರೆಂದು ಅವಳಿಗೆ ಗೊತ್ತಿದ್ದಂತಿತ್ತು. ಅವನು ಕಂಬಳಿಯನ್ನು ಇಳಿಸಿ, ನಿಂತೇ, ತೆನೆಯಿಂದ ಹಿಡಿದು ಬಸವಣ್ಣೆಪ್ಪನವರೆಗೆ ಎಲ್ಲವನ್ನೂ ಹೇಳಿದ.

“ಹರಾಜದಾಗ ಯಾರ ಮಾರಿ ನೋಡಿ ಕೂಗಿದ್ರಿ?”

“ಅಪ್ಪಂದು.”

“ಅಂವ ಸತ್ತು ಆರು ವರ್ಷ ಆತು. ಹಸಿದ ಮಕ್ಕಳು ಇಲ್ಲೇ ಇದ್ದೂವು, ಅವರ ಮಾರಿ ನೋಡಬೇಕಾಗಿತ್ತು.” ದನಿ ಏರಲಿಲ್ಲ, ಅದೇ ಹೆಚ್ಚು ಕೊರೆಯಿತು. “ಉದ್ರಿ ನಾನೂ ತಂದೇನಿ. ತ್ರ್ಯಂಬಕನ ಅಂಗಡ್ಯಾಗ ಅರ್ಧ ಥಾನು ಅರಿವಿ. ಸಂಕ್ರಾಂತಿಗೆ ಲಂಗಾ ಹೊಲಿದು ಮಾರ್ತೇನಿ, ಮಾರಿದ ದಿನ ಕೊಡ್ತೇನಿ. ತರೂ ಮೊದಲ ದೊಡವಾಡದಾಗ ಎಂಟು ಮನಿ ಕೇಳಿ ಬಂದೇನಿ, ಯಾರು ತೊಗೊಂತಾರ, ಯಾವ ದುಡ್ಡಿನಾಗ ತೀರಸ್ತೇನಿ ಅಂತ. ನೀವು ಮಂದೀಗೆ ಕಾಣಲಿ ಅಂತ ಕೂಗಿದ್ರಿ. ಅದು ದೇವರಿಗೆ ಕೊಟ್ಟದ್ದಾಗೂದಿಲ್ಲ.”

“ನಾಳೆ ನಾ ಚರ್ಚಿಗೆ ಬರಾಂಗಿಲ್ಲ.”

“ಬರ್ತೀರಿ. ನನ್ನ ಬಾಜೂಕ ಕುಂಡ್ರತೀರಿ.”

“ಅಂಜಿಕಿ ಆಗತೈತೇ.”

“ನನಗೂ ಆಗತೈತಿ,” ಎಂದು ಅವಳು ಮಶಿನ್ನನ್ನು ಮಣೆಯ ಮೇಲಿಟ್ಟು ಹಿಡಿಕೆಗೆ ಅಂಟಿದ್ದ ಕಂಬಳಿಯ ನೂಲು ಕಿತ್ತಳು. “ತಿಂಗಳಿಗೆ ಐದು ಕೊಡಬಹುದು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗಿ ಬಾಯಿ ಬಿಟ್ಟೀರಿ, ನೋಡ್ರಿ ಮತ್ತ.”

ಭಾನುವಾರ ಕೊನೆಯ ಕೀರ್ತನೆ ಮುಗಿಯಿತು. ಮಾಸ್ತರರು ಜೇಬಿನಿಂದ ಕಾಗದ ತೆಗೆದು ಬಿಡಿಸುವ ಸಪ್ಪಳವನ್ನು ಶಂಕ್ರೆಪ್ಪ ತನ್ನ ಎದೆಯೊಳಗೆ ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ಅವನು ಎದ್ದ.

“ಮೊದಲನೇ ತೆನಿದು ಎಪ್ಪತ್ತೈದು ನಂದು ಬಾಕಿ ಐತ್ರಿ. ಕೂಗೂವಾಗ ನನ್ನ ಕಡೆ ಇರಲಿಲ್ಲ. ಇವತ್ತೂ ಇಲ್ಲ. ತಿಂಗಳಿಗೆ ಐದರಂಗ ಕೊಡ್ತೇನಿ.”

ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಅಲ್ಲಿಗೆ ಮುಗಿಯಬಹುದೆಂದುಕೊಂಡ ಗಳಿಗೆ ಮುಗಿಯದೆ ಉದ್ದವಾಗುತ್ತ ಹೋಯಿತು.

“ಹರಾಜು ಕೂಗಿದಾವ ನಾನ,” ಎಂದರು ಮಾಸ್ತರರು ಕೈಯಲ್ಲಿನ ಕಾಗದ ನೋಡುತ್ತ. “ಫ್ಯಾಕ್ಟರಿ ಬಂದ್ ಆಗಿದ್ದು ನನಗ ಗೊತ್ತಿತ್ತು, ಶಂಕ್ರೆಪ್ಪ. ಗೊತ್ತಿದ್ದೂ ಮೂರು ಸಲ ಕೂಗಿ ನಿನ್ನ ಹೆಸರಿಗೆ ಬರಕೊಂಡೆ. ಚರ್ಚಿಗೆ ಹಂಚು ಹಾಕ್ಸೂದಿತ್ತು. ಆ ತಪ್ಪು ಯಾವ ಯಾದ್ಯಾಗ ಬರೀಲಿ?”

ಅವರು ಕಾಗದವನ್ನು ಓದದೆ ಮಡಿಚಿ, ಬಾಕಿಯವರು ಒಬ್ಬೊಬ್ಬರಾಗಿ ತಮ್ಮ ಮನೆಗೆ ಬರಬೇಕೆಂದು ಹೇಳಿ ಕುಳಿತರು. ನಾಲ್ಕಾರು ಜನ ಉಸಿರು ಬಿಟ್ಟದ್ದು ಕೇಳಿಸಿತು.

ಹೊರಗೆ ಮೆಟ್ಟಿಲ ಬಳಿ ಮುದುಕಿ ಪದ್ಮವ್ವ ಅವನ ತೋಳು ಹಿಡಿದಳು.

“ಐದರಂಗ ಎಪ್ಪತ್ತೈದು ಅಂದ್ರ ಎಷ್ಟ ತಿಂಗಳೋ?”

“ಹದಿನೈದು, ಆಯಿ.”

“ಅಷ್ಟ ದಿನಾ ನಾ ಇರ್ತೇನೋ ಇಲ್ಲೋ. ಇದ್ರ ಕೇಳ್ತೇನಿ ನೋಡ.”

ಭಯ ಹೋಗಿರಲಿಲ್ಲ. ಹದಿನೈದು ತಿಂಗಳ ಉದ್ದಕ್ಕೂ ಅದು ಜೊತೆಗೆ ನಡೆಯಲಿದೆ ಎಂದು ಅವನಿಗೆ ತಿಳಿದಿತ್ತು. ಮರೆವ್ವ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನೋಟನ್ನು ಅವನ ಅಂಗೈಗಿಟ್ಟಳು. ಅವನು ಅದನ್ನು ಹಿಡಿದು, ಜನ ನೋಡುತ್ತಿದ್ದಂತೆಯೇ, ಮಾಸ್ತರರ ಮನೆಯತ್ತ ಹೊರಟ.