ಕಾಲು ಕಾಣದ ವೀರ

"ಅಕ್ಕಾ, ಹದ್ದುವೀರನ ಮಾನ ಕಳೆದುಬಿಟ್ಟೆ ನೀನು! ನೆಲ ಮುಟ್ಟಬೇಕಾದ ಬೆನ್ನ ಶಾಲನ್ನ ಮೊಣಕಾಲಿಗೇ ಕತ್ತರಿಸಿ ಕೈ ತೊಳ್ಕೊಂಡೆಯಲ್ಲ!"

"ಕಿರುಚಬೇಡ. ನೆಲ ಮುಟ್ಟಿದ್ದಿದ್ರೆ ಆ ನಟ ಮೊದಲನೇ ಮೆಟ್ಟಿಲಲ್ಲೇ ಮಕಾಡೆ ಬೀಳ್ತಿದ್ದ. ಹಾರೋನಿಗೂ ಓಡೋ ಸೀನ್ ಇರುತ್ತೆ ಕಣೋ."

ಒಂದೇ ಕೋಣೆಯಲ್ಲಿ ಇಬ್ಬರ ಕಸುಬು. ಕಿಟಕಿಯ ಕಡೆ ಅಕ್ಕನ ಹೊಲಿಗೆ ಯಂತ್ರ. ಗೋಡೆಯ ಕಡೆ ಬೈಂಡಿಂಗ್ ಮಾಡುವ ತಮ್ಮನ ರಟ್ಟು, ಅಂಟು, ಪುಸ್ತಕದ ಅಂಚು ಸವರುವ ದೊಡ್ಡ ಕತ್ತಿ. ಅಕ್ಕನಿಗೆ ಮೊದಲ ಸಲ ಸಿನಿಮಾದ ಕೆಲಸ ಸಿಕ್ಕಿತ್ತು. ಅದೂ ಎಂಥದ್ದು? ಈ ತಮ್ಮ ಚಿಕ್ಕಂದಿನಿಂದ ಪ್ರಾಣ ಇಟ್ಟುಕೊಂಡಿದ್ದ ಕಾಮಿಕ್ಸಿನ ಹದ್ದುವೀರನಿಗೆ ಉಡುಪು ಹೊಲಿಯುವುದು. ಊರೆಲ್ಲ ಹೊಗಳಿದರೂ ಅವಳಿಗೆ ಬೇಕಾಗಿದ್ದದ್ದು ಈ ಮುಂಗೋಪಿಯ ಒಂದು ಮಾತು. ಅವನೋ, ಸಿನಿಮಾ ನೋಡಿ ನೇರ ಜಗಳಕ್ಕೇ ಬಂದಿದ್ದ.

"ಸರಿ, ಶಾಲು ಗಿಡ್ಡ. ಸಿನಿಮಾ ಹೇಗಿತ್ತು?"

"ಶಾಲೇ ತಪ್ಪಾದ ಮೇಲೆ ಸಿನಿಮಾ ಏನು ಬಂತು, ಮಣ್ಣು!"

"ಹದ್ದುವೀರ ಮನೆಗೆ ಬಂದಾಗ ಅವನ ತಾಯಿ ಬಾಗಿಲು ತೆಗೆಯದೆ ಕೂತ್ಕೋತಾಳಲ್ಲ, ಆಗಲೂ ನಿನಗೇನೂ ಅನ್ನಿಸಲಿಲ್ವಾ?"

"ಆಗ ಅವನು ಬೆನ್ನು ತಿರುಗಿಸಿ ನಿಂತಿದ್ದ. ನಾನು ಶಾಲು ನೋಡ್ತಿದ್ದೆ."

"ಮದುವೆಗೆ ಹೋಗಿ ಚಪ್ಪಲಿ ಕಾಯ್ಕೊಂಡು ಬಂದ ಹಾಗಾಯ್ತು ನಿನ್ನ ಕತೆ. ತೋರಿಸು, ಕಾಮಿಕ್ಸಲ್ಲಿ ಎಲ್ಲಿ ನೆಲ ಮುಟ್ಟಿದೆ?"

ತಮ್ಮ ಅಟ್ಟದಿಂದ ದಪ್ಪ ಪುಸ್ತಕ ಇಳಿಸಿದ. ಹದ್ದುವೀರನ ಬಿಡಿ ಸಂಚಿಕೆಗಳನ್ನೆಲ್ಲ ಸೇರಿಸಿ ಹೊಲಿದ, ಅವನ ಕೈಯ ಮೊದಲ ಬೈಂಡು. ಇದುವರೆಗೆ ಯಾರಿಗೂ ಮುಟ್ಟಗೊಟ್ಟವನಲ್ಲ.

"ನೋಡು!"

ಶಾಲು ಹಾಳೆಯ ತಳದವರೆಗೂ ಇಳಿದಿತ್ತು, ನಿಜ. ಅಕ್ಕ ಅಳತೆಯ ಕಣ್ಣಿನಿಂದ ನೋಡಿದಳು. ಹಾಳೆ ತಿರುವಿದಳು, ಇನ್ನೊಂದು ತಿರುವಿದಳು.

"ಇವನ ಪಾದ ಎಲ್ಲೋ?"

"ಶಾಲು ಮುಚ್ಚಿದೆ."

"ಪಕ್ಕದ ಪೊಲೀಸಿನವನದ್ದು? ಈ ನಾಯಿದು? ನಾಯಿಯೂ ಶಾಲು ಹೊದ್ಕೊಂಡಿದೆಯಾ?"

ತಮ್ಮ ಬಗ್ಗಿ ನೋಡಿದ. ಕೆಳಗಿನ ಅಂಚಿನಲ್ಲಿ ಬಿಳಿ ಜಾಗವೇ ಇರಲಿಲ್ಲ. ಕೆಲಸ ಕಲಿಯುವ ಹುರುಪಿನಲ್ಲಿ ಅಂಚು ಸಮ ಬರಲೆಂದು ಸವರಿದ್ದ. ಬರಲಿಲ್ಲವೆಂದು ಮತ್ತೆ ಸವರಿದ್ದ. ತಳದ ಸಾಲಿನ ಚಿತ್ರಗಳಲ್ಲಿದ್ದವರ ಕಾಲು ಮೊಣಕಾಲಿನಿಂದ ಕೆಳಗೆಲ್ಲ ಕತ್ತಿಗೆ ಹೋಗಿತ್ತು. ಮೇಲಿನ ಸಾಲುಗಳಲ್ಲಿ ನೋಡೋಣವೆಂದರೆ ಹದ್ದುವೀರ ಅಲ್ಲೆಲ್ಲ ಹಾರುತ್ತಲೇ ಇದ್ದ. ಗಾಳಿಗೆ ಪಟಪಟ ಹೊಡೆಯುವ ಬಟ್ಟೆಗೆ ಯಾರು ಟೇಪು ಹಿಡಿಯುತ್ತಾರೆ?

"ಕತ್ತರಿ ಹಾಕಿದವಳು ನಾನೊಬ್ಬಳೇ ಅಲ್ಲ ಹಾಗಾದ್ರೆ," ಎಂದಳು ಅಕ್ಕ. ದನಿಯಲ್ಲಿದ್ದ ಸಿಟ್ಟು ಇಳಿದಿತ್ತು. "ಉದ್ದಾನೇ ಇತ್ತೋ ಏನೋ. ಈಗ ನನಗೂ ತಿಳ್ಕೋಬೇಕು ಅನ್ನಿಸ್ತಿದೆ."

ತಮ್ಮ ಪುಸ್ತಕ ಕಂಕುಳಿಗೆ ಸೇರಿಸಿ ಚಪ್ಪಲಿ ಮೆಟ್ಟಿದ.

"ಎಲ್ಲಿಗೋ?"

"ಕತ್ತಿ ಬೀಳದ ಪ್ರತಿ ಎಲ್ಲಾದರೂ ಇದ್ದೇ ಇರುತ್ತೆ. ಹುಡುಕ್ತೀನಿ."

"ಸಿನಿಮಾ ಹೇಗಿತ್ತು ಅಂತ ಹೇಳಿ ಹೋಗೋ, ಪುಣ್ಯಾತ್ಮ!"

ಅವನ ಬೆನ್ನು ಬೀದಿಯ ಮೂಲೆ ತಿರುಗಿತು. ಅಕ್ಕ ಬಾಗಿಲು ತೆರೆದೇ ಇಟ್ಟಳು. ಸಂಜೆಯ ಹೊತ್ತಿಗೆ ಬಟ್ಟಲಿನ ಅಂಟು ಕೆನೆಗಟ್ಟಿತ್ತು. ತಮ್ಮ ಬರಲಿಲ್ಲ.