ತಲೆ ಮೇಲಿನ ಕಡೆಗೆ

"ಅಲುಗಿಸ್ಬೇಡವೇ ಮುಂಡೇದೆ! ನಾನೇನು ಗೊಬ್ಬರದ ಮೂಟೆನಾ?"

ಸ್ಟ್ರೆಚರಿನ ಮೇಲೆ ಕೂತು ಹೀಗೆ ಗದರಿದವರು ಯುದ್ಧ ಖಾತೆಯ ದೊಡ್ಡ ಸಾಹೇಬರು. ಮುಂದುಗಡೆ ಹಿಡಿದಿದ್ದವಳು ಲಿಫ್ಟಕ್ಕ. ಗೊಬ್ಬರದ ಮೂಟೆಯಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಸಲ ಮೇಲೆ ಹೋಗಿ ಬಂದಿರುತ್ತಿದ್ದಳು. ಸಾಹೇಬರ ಹೊಟ್ಟೆ ಎಂಥದೆಂದರೆ, ಅದು ಮೊದಲ ಮಹಡಿ ಮುಟ್ಟಿದಾಗ ಸಾಹೇಬರು ಇನ್ನೂ ನೆಲಮಹಡಿಯಲ್ಲೇ ಇದ್ದರು. ಹಿಂದುಗಡೆ ಹಿಡಿದಿದ್ದ ವಾಚ್‌ಮನ್ನನ ಕಣ್ಣುಗುಡ್ಡೆಗಳು ಹೊರಗೆ ಬಂದು ಗಾಳಿ ತೆಗೆದುಕೊಳ್ಳುತ್ತಿದ್ದವು.

ಆಸ್ಪತ್ರೆಯ ಲಿಫ್ಟು ಕೆಟ್ಟದ್ದು ಯುದ್ಧ ಶುರುವಾದ ವಾರ. ರಿಪೇರಿಗೆ ಅರ್ಜಿ ಹೋಯಿತು. ಯುದ್ಧ ಮುಗಿಯಲಿ, ನೋಡೋಣ ಎಂದು ಉತ್ತರ ಬಂತು. ಆರು ವರ್ಷವಾಯಿತು. ಯುದ್ಧ ಮುಗಿಯಲಿಲ್ಲ. ಲಿಫ್ಟಿನೊಳಗೆ ಪಾರಿವಾಳಗಳು ಮೊಮ್ಮಕ್ಕಳನ್ನು ಕಂಡವು. ಆಪರೇಷನ್ ಕೋಣೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಹಾಗಾಗಿ ನೆಲ ಒರೆಸುವ ಈ ಆಯಾ ಲಿಫ್ಟಕ್ಕ ಆದಳು. ಮುಂದೆ ಅವಳು, ಹಿಂದೆ ಅವಳ ಮೈದುನ. ಅವರಿಬ್ಬರು ಮೇಲಕ್ಕೆ ಹೊತ್ತ ಜನರನ್ನು ಒಬ್ಬರ ಹೆಗಲ ಮೇಲೊಬ್ಬರನ್ನು ನಿಲ್ಲಿಸಿದ್ದರೆ ಚಂದ್ರನ ಕಿವಿ ಹಿಂಡಬಹುದಿತ್ತು. ಅವಳದು ಒಂದೇ ಕಟ್ಟಳೆ: ಹತ್ತುವಾಗಲಿ ಇಳಿಯುವಾಗಲಿ, ಜೀವ ಇದ್ದವರ ತಲೆ ಮೇಲಿನ ಕಡೆಗಿರಬೇಕು. ತಲೆ ಕೆಳಗಾಗಿ ಇಳಿಸುವುದು ಹೆಣವನ್ನು ಮಾತ್ರ; ಅದಕ್ಕೆ ತಲೆ ಸುತ್ತುವ ಭಯವಿಲ್ಲ.

ನಿನ್ನೆ ಮಾತ್ರ ಅವರು ಮನುಷ್ಯರನ್ನು ಹೊರಲಿಲ್ಲ. ಶತ್ರು ವಿಮಾನ ಬಂದರೆ ಕೂಗಬೇಕಾದ ಹೊಸ ಸೈರನ್ನನ್ನು ತಾರಸಿಗೆ ಏರಿಸಿದರು. ಎಂಟು ಎಮ್ಮೆಗಳ ತೂಕದ ಪರದೇಶಿ ಕಬ್ಬಿಣ. ಮೂರನೇ ಮಹಡಿಯ ತಿರುವಿನಲ್ಲಿ ಮೈದುನನ ತೊಡೆಸಂದಿಯಲ್ಲಿ ಏನೋ ಪಟಕ್ಕೆಂದಿತು. ಬೆಳಿಗ್ಗೆ ಹೊತ್ತಿಗೆ ಅಲ್ಲೊಂದು ತೆಂಗಿನಕಾಯಿ ಗಾತ್ರದ ಗಂಟು. ಕರುಳು ಜಾರಿ ಸಿಕ್ಕಿಕೊಂಡಿದೆ, ಮಧ್ಯಾಹ್ನದೊಳಗೆ ಕೊಯ್ಯದಿದ್ದರೆ ಒಳಗೇ ಕೊಳೆಯುತ್ತದೆ ಎಂದಳು ನರ್ಸು. ಇದ್ದದ್ದೊಂದೇ ಸ್ಟ್ರೆಚರು. ಅದರ ಮೇಲೆ ಅವನನ್ನು ಮಲಗಿಸಿ, ಅವನ ಬದಲಿಗೆ ವಾಚ್‌ಮನ್ನನನ್ನು ಹಿಂದೆ ನಿಲ್ಲಿಸಿಕೊಂಡು ಎತ್ತುವಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕ ಓಡಿ ಬಂದಿದ್ದ.

"ಇಳಿಸು, ಇಳಿಸು! ಸಾಹೇಬ್ರಿಗೆ ಮಂಡಿನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಹತ್ತೂವರೆಗೆ ಅವ್ರು ತಾರಸಿ ಮೇಲೆ ಸೈರನ್ ಬಟನ್ ಒತ್ಬೇಕು."

"ಇವನ ಕರುಳು ಸಿಕ್ಕಾಕೊಂಡಿದೆ ಸ್ವಾಮಿ."

"ಸಿಕ್ಕಾಕೊಂಡಿದ್ರೆ ಎಲ್ಲಿಗೆ ಓಡೋಗುತ್ತೆ? ಅರ್ಧ ಗಂಟೆ ಕಾಯ್ಲಿ," ಎಂದವನೇ ಅವನು ತಾರಸಿಗೆ ಓಡಿದ.

ಮೈದುನನನ್ನು ನೆಲಕ್ಕಿಳಿಸಿದರು. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಆದರೂ ನಾಲಗೆ ಆಡುತ್ತಿತ್ತು. "ಹೋಗ್ಬಾ ಅತ್ತಿಗೆ. ನಾನೆಲ್ಲೂ ಓಡೋಗಲ್ಲ. ಕರುಳಿನ ಗ್ಯಾರಂಟಿ ಮಾತ್ರ ಕೇಳ್ಬೇಡ."

ಹೀಗೆ ಸಾಹೇಬರು ಮೇಲೇರಿದರು. ಎರಡನೇ ಮಹಡಿ ದಾಟಿದ ಮೇಲೆ ಲಿಫ್ಟಕ್ಕ ಉಸಿರಿನ ಮಧ್ಯೆ ಕೇಳಿದಳು: "ಸಾಹೇಬ್ರೇ, ನಮ್ಮ ಲಿಫ್ಟು?"

"ದೇಶ ಯುದ್ಧದಲ್ಲಿದೆ, ಇವಳಿಗೆ ಲಿಫ್ಟು ಬೇಕಂತೆ! ಬಜೆಟ್ಟಲ್ಲಿ ಎಷ್ಟು ದೊಡ್ಡ ತೂತು ಬಿದ್ದಿದೆ ಗೊತ್ತೇನೇ?"

"ಗೊತ್ತು ಸ್ವಾಮಿ. ನಿನ್ನೆ ಆ ಸೈರನ್ ಹೊತ್ತೋಳು ನಾನೇ. ಅದು ತೂರೋವಷ್ಟಾದ್ರೂ ಇರ್ಬೇಕು."

ವಾಚ್‌ಮನ್ನನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಬಾಯಿ ಜಾಸ್ತಿಯಾಯ್ತು ನಿಂದು. ನಾಳೆ ಶತ್ರು ವಿಮಾನ ಬಂದಾಗ ನಿನ್ನ ಹೆಣ ಬೀಳದಂಗೆ ಕಾಯೋದು ಆ ಸೈರನ್ನು, ಲಿಫ್ಟಲ್ಲ."

"ಇಲ್ಲೀವರೆಗೆ ಒಂದಾದ್ರೂ ಬಂದಿದ್ಯಾ ಸ್ವಾಮಿ?"

ಗಡಿ ಅಲ್ಲಿಂದ ರೈಲಿನಲ್ಲಿ ಮೂರು ದಿನದ ದಾರಿ. ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಆಗ ಕೆಳಗಿನಿಂದ ಕೂಗು ಕೇಳಿಸಿತು. ಎಂಟು ಎಮ್ಮೆಗಳ ಸೈರನ್ನು ಹೊತ್ತಾಗಲೂ ತುಟಿ ಬಿಚ್ಚದ ಮೈದುನ ಕೂಗಿದ್ದ. ಮೂರನೇ ಮಹಡಿಯ ತಿರುವಿನಲ್ಲಿ ಲಿಫ್ಟಕ್ಕ ನಿಂತಳು.

"ಇಳಿಸೋ."

"ಅಕ್ಕಾ, ಕೆಲಸ ಹೋಗುತ್ತೆ," ಎಂದ ವಾಚ್‌ಮನ್ನು.

"ಇಳಿಸೋ ಅಂದೆ."

ಇಳಿಸಿದರು. ಸಾಹೇಬರನ್ನು ಮರ್ಯಾದೆಯಿಂದ ಒಂದು ಬದಿಗೆ ವಾಲಿಸಿದರು. ಸಾಹೇಬರು ಮೆಟ್ಟಿಲ ಮೇಲೆ ಕೂತದ್ದು ಅದೇ ಮೊದಲಿರಬೇಕು. ಕಟ್ಟಡದ ಧೂಳೆಲ್ಲ ಒಮ್ಮೆ ಎದ್ದು ನಿಂತು ಮತ್ತೆ ಕೂತಿತು. ಸ್ಟ್ರೆಚರು ಖಾಲಿಯಾಗಿ ಕೆಳಗೆ ಹೋಯಿತು, ಮೈದುನನನ್ನು ಹೊತ್ತು ಮೇಲೆ ಬಂತು. ತಲೆ ಮೇಲಿನ ಕಡೆಗೆ.

"ಬೋಳಿಮಗಳೇ! ಸಸ್ಪೆಂಡ್ ಮಾಡಿಸ್ತೀನಿ ನಿನ್ನ!" ಎಂದರು ಸಾಹೇಬರು, ಕೂತಲ್ಲಿಂದಲೇ.

"ದಿನಗೂಲಿ ಸ್ವಾಮಿ. ಸಸ್ಪೆಂಡ್ ಮಾಡೋಕೆ ಮುಂಚೆ ಖಾಯಂ ಮಾಡ್ಬೇಕು. ಆರು ವರ್ಷದಿಂದ ಅರ್ಜಿ ಹಾಕ್ತಿದೀನಿ. ಕಾಲು ಸ್ವಲ್ಪ ಮಡಚ್ಕೊಳ್ಳಿ, ದಾರಿ ಬೇಕು."

ನಾಲ್ಕನೇ ಮಹಡಿಯಲ್ಲಿ ಆಪರೇಷನ್ ಕೋಣೆ ತೆರೆದಿತ್ತು. ಕತ್ತರಿಗಳಿದ್ದವು, ಬಟ್ಟೆಗಳಿದ್ದವು, ನರ್ಸ್ ಇದ್ದಳು. ಡಾಕ್ಟರಿಲ್ಲ.

"ಎಲ್ಲಾರ್ನೂ ತಾರಸಿಗೆ ಕರ್ಕೊಂಡೋಗಿ ಕೂರಿಸಿದಾರಕ್ಕಾ. ಚಪ್ಪಾಳೆ ಹೊಡೀಬೇಕಂತೆ," ಎಂದಳು ನರ್ಸು.

ಮೈದುನ ಈಗ ಮಾತಾಡುತ್ತಿರಲಿಲ್ಲ. ಅವನನ್ನು ಟೇಬಲ್ಲಿನ ಮೇಲೆ ಮಲಗಿಸಿ ಲಿಫ್ಟಕ್ಕ ತಾರಸಿಗೆ ಹತ್ತಿದಳು. ಮೇಲ್ವಿಚಾರಕನೂ ಅವನ ಜೊತೆಗೆ ಐವತ್ತು ಜನರೂ, ಸಾಹೇಬರು ಬರಬೇಕಾದ ದೊಡ್ಡ ಬಾಗಿಲನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಪಕ್ಕದ ಸಣ್ಣ ಬಾಗಿಲಿಂದ ಬಂದ ಇವಳನ್ನು ಯಾರೂ ನೋಡಲಿಲ್ಲ. ಲಿಫ್ಟನ್ನು ಯಾರು ನೋಡುತ್ತಾರೆ? ಕೊನೆಯ ಸಾಲಿನಲ್ಲಿದ್ದ ಡಾಕ್ಟರ ಕಿವಿಯ ಬಳಿ ಬಗ್ಗಿದಳು.

"ಡಾಕ್ಟ್ರೇ, ನನ್ನ ಮೈದುನ ಟೇಬಲ್ ಮೇಲಿದಾನೆ. ಬನ್ನಿ."

"ಬಟನ್ ಒತ್ಲಿ, ಬರ್ತೀನಿ."

"ಒತ್ತೋರು ಮೆಟ್ಟಿಲ ಮೇಲೆ ಕೂತಿದಾರೆ. ಇವತ್ತಿಗೆ ಬರಲ್ಲ."

ಡಾಕ್ಟರು ಮೇಲ್ವಿಚಾರಕನ ಬೆನ್ನು ನೋಡಿದರು. "ಈಗ ಎದ್ದು ಹೋದ್ರೆ ನನ್ನನ್ನ ಗಡಿ ಆಸ್ಪತ್ರೆಗೆ ಎತ್ತಾಕ್ತಾರಮ್ಮ. ನನಗೂ ಹೆಂಡ್ತಿ ಮಕ್ಕಳಿದಾರೆ."

ಲಿಫ್ಟಕ್ಕ ತಿರುಗಿದಳು. ಸೈರನ್ನು ಎರಡು ಹೆಜ್ಜೆ ದೂರದಲ್ಲಿತ್ತು. ಅದರ ಕೆಂಪು ಬಟನ್ನಿನ ಮೇಲೆ ಯಾರೋ ರೇಷ್ಮೆ ಬಟ್ಟೆ ಮುಚ್ಚಿದ್ದರು. ಬಟ್ಟೆ ತೆಗೆದಳು, ಮಡಿಸಿ ಪಕ್ಕಕ್ಕಿಟ್ಟಳು, ಒತ್ತಿದಳು.

ಸೈರನ್ನು ಕೂಗಿದ ಕೂಗಿಗೆ ಮೂರು ಊರಾಚೆಯ ಸ್ಮಶಾನದಲ್ಲಿ ಮಲಗಿದವರೂ ಮಗ್ಗಲು ಬದಲಿಸಿದರು. ತಾರಸಿಯಲ್ಲಿ "ಬಂತು! ವಿಮಾನ ಬಂತು!" ಎಂದು ಮೊದಲು ಕಿರುಚಿದವನು ಮೇಲ್ವಿಚಾರಕ. ಐವತ್ತು ಜನ ಒಂದೇ ಬಾಗಿಲಲ್ಲಿ ಒಟ್ಟಿಗೆ ತೂರಿಕೊಂಡರು. ಸಾಹೇಬರ ಮಂಡಿನೋವು ಆ ಗಳಿಗೆಯಲ್ಲೇ ವಾಸಿಯಾಯಿತು. ಮೂರು ಮಹಡಿಯನ್ನು ಒಂಬತ್ತು ಹೆಜ್ಜೆಯಲ್ಲಿ ಇಳಿದು ಎಲ್ಲರಿಗಿಂತ ಮೊದಲು ರಸ್ತೆಯಲ್ಲಿದ್ದರು.

ತಾರಸಿಯಲ್ಲಿ ಉಳಿದವರು ಇಬ್ಬರು.

"ಬನ್ನಿ ಡಾಕ್ಟ್ರೇ," ಎಂದು ಲಿಫ್ಟಕ್ಕ ಅವರ ಕಿವಿಯಲ್ಲಿ ಕೂಗಿದಳು. "ಈಗ ನೋಡೋರು ಯಾರೂ ಇಲ್ಲ."

ಡಾಕ್ಟರು ಎದ್ದರು.

ಸೈರನ್ನನ್ನು ನಿಲ್ಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅದು ತಾನೇ ಸುಸ್ತಾಗಿ ನಿಂತ ಮೇಲೆ ಇಬ್ಬರು ಪೊಲೀಸರು ಏದುಸಿರು ಬಿಡುತ್ತ ಮೇಲೆ ಬಂದರು. ಲಿಫ್ಟಕ್ಕ ಖಾಲಿ ಸ್ಟ್ರೆಚರಿನ ಪಕ್ಕ ನೆಲದಲ್ಲಿ ಕೂತಿದ್ದಳು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು. ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು.

"ಯಾರೇ ಒತ್ತಿದ್ದು?"

"ನಾನು. ಈ ಬೆರಳು."

"ದೇಶದ್ರೋಹ ಅಂತಾರೆ ಇದಕ್ಕೆ. ಗೊತ್ತಾ?"

"ಏನಾದ್ರೂ ಅಂದ್ಕೊಳ್ಳಿ. ಬರ್ಕೊಳ್ಳಿ."

"ನಡಿ ಕೆಳಗೆ."

ಅವಳು ಬಲ್ಬು ನೋಡಿದಳು. ಇನ್ನೂ ಉರಿಯುತ್ತಿತ್ತು. ನಿಧಾನವಾಗಿ ಎದ್ದು, ಸೆರಗು ಸರಿ ಮಾಡಿಕೊಂಡು, ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿ ಎದೆಯ ಮೇಲೆ ಕೈ ಕಟ್ಟಿದಳು.

"ಏಯ್, ಏನೇ ಇದು? ಏಳು ಮೇಲೆ!"

"ನಾನು ನಡೆಯಲ್ಲ. ಕರ್ಕೊಂಡೋಗ್ಬೇಕು ಅಂದ್ರೆ ಹೊತ್ಕೊಂಡೋಗಿ."

ಪೊಲೀಸರು ಮುಚ್ಚಿದ ಲಿಫ್ಟಿನ ಬಾಗಿಲು ನೋಡಿದರು. ಆಮೇಲೆ ಮೆಟ್ಟಿಲು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಗ್ಗಿ, ತಲೆಯ ಕಡೆ ಒಬ್ಬ, ಕಾಲಿನ ಕಡೆ ಒಬ್ಬ ಹಿಡಿದು ಎತ್ತಿದರು. ತಲೆಯ ಕಡೆಯವನು ಮುಂದಾಗಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

"ಲೋ, ತಿರುಗಿಸ್ರೋ," ಎಂದಳು ಲಿಫ್ಟಕ್ಕ. "ತಲೆ ಮೇಲಿನ ಕಡೆಗೆ. ಜೀವ ಇದೆ ಇನ್ನೂ."