ನೆನೆಹಾಕದ ಹಗ್ಗ

ಅಪ್ಪನ ಹಗ್ಗ ಕರಾರುವಾಕ್ಕಾಗಿದೆ ಎಂದು ಯಾರಾದರೂ ಹೊಗಳಿದರೆ ಮಗಳು ಹಿಗ್ಗಬೇಕು. ಅಳಿವೆಯಕ್ಕನ ಎದೆ ಧಸಕ್ಕೆಂದಿತು.

ಅಳಿವೆಯಕ್ಕ ಎನ್ನುವುದು ಊರವರು ಇಟ್ಟ ಹೆಸರು. ಹೊಳೆ ಸಮುದ್ರಕ್ಕೆ ಸೇರುವ ಇಕ್ಕಟ್ಟು ಬಾಯಿಯಾದ ಅಳಿವೆಯಲ್ಲಿ ಮರಳಿಗೆ ನಿಂತಲ್ಲಿ ನಿಲ್ಲುವ ಬುದ್ಧಿಯಿಲ್ಲ. ಇಂದು ಇಲ್ಲಿ ದಿಬ್ಬ, ನಾಳೆ ಅಲ್ಲಿ. ವಾರಕ್ಕೊಮ್ಮೆ ನೀರಿನ ಆಳ ಅಳೆದು, ದೋಣಿಗಳ ದಾರಿಯ ಎರಡೂ ಬದಿಗೆ ಕೆಂಪು, ಹಸಿರು ತೇಲುವ ಪೀಪಾಯಿಗಳನ್ನು ಸರಿಸಿ ನಿಲ್ಲಿಸುವುದು ಅವಳ ಕೆಲಸ. ಅವಳಿಗಿಂತ ಮೊದಲು ಅದು ಅವಳ ಅಪ್ಪನ ಕೆಲಸವಾಗಿತ್ತು. ಇನ್ನೊಂದು ವಾರಕ್ಕೆ ಅವಳಿಗೂ ನಿವೃತ್ತಿ. ನೀರಿಗೆ ಸದ್ದು ಬಿಟ್ಟು ಆಳ ಹೇಳುವ ಯಂತ್ರವೊಂದು ಬಂದಿತ್ತು, ಅದರ ಜೊತೆಗೆ ಒಬ್ಬ ಎಂಜಿನಿಯರ್ ಹುಡುಗಿಯೂ ಬಂದಿದ್ದಳು. ಕಚೇರಿಯ ಮೊಳೆಗೆ ಮೂವತ್ತಾರು ವರ್ಷದಿಂದ ನೇತಾಡುತ್ತಿದ್ದ ಸೆಣಬಿನ ಹಗ್ಗವನ್ನು ಇಳಿಸಿ ಟೇಪು ಹಿಡಿದವಳು ಅವಳೇ.

"ಅಕ್ಕಾ, ನಿಮ್ಮಪ್ಪ ಭಲೇ ಮನುಷ್ಯ ಬಿಡಿ! ಒಂದೊಂದು ಗುರುತೂ ಸರಿಯಾಗಿ ಆರಾರು ಅಡಿಗಿದೆ. ಒಂದು ಬೆರಳೂ ಆಚೆ ಈಚೆ ಇಲ್ಲ. ಇದನ್ನ ಗಾಜಿನ ಪೆಟ್ಟಿಗೇಲಿ ಇಟ್ಟು ಅವರ ಹೆಸರು ಬರೆಸೋಣ."

ಆ ಹುಡುಗಿಗೆ ಗೊತ್ತಿಲ್ಲದ್ದು ಇಷ್ಟೇ. ಹೊಸ ಸೆಣಬಿನ ಹಗ್ಗ ನೀರು ಕುಡಿದರೆ ಗಿಡ್ಡವಾಗುತ್ತದೆ. ಅದಕ್ಕೇ ಅದನ್ನು ಒಂದಿಡೀ ದಿನ ನೆನೆಹಾಕಿ, ಒದ್ದೆಯಿರುವಾಗಲೇ ಎರಡು ಕಂಬಗಳ ನಡುವೆ ಬಿಗಿದು, ಆರಡಿಯ ಮಾರಿಗೊಂದರಂತೆ ಚರ್ಮದ ಚೂರು ಕಟ್ಟಬೇಕು. ಅಂಥ ಹಗ್ಗ ಒಣಗಿದಾಗ ಗುರುತುಗಳು ದೂರ ಸರಿದಿರಬೇಕು. ಒಣ ಹಗ್ಗದಲ್ಲಿ ಅಳತೆ ಸರಿಯಾಗಿದೆ ಎಂದರೆ ನೀರಿನಲ್ಲಿ ಅದು ಸುಳ್ಳು ಹೇಳಿದೆ ಎಂದರ್ಥ. ನೀರು ಇದ್ದದ್ದಕ್ಕಿಂತ ಹೆಚ್ಚು ಇದೆ ಎಂಬ ಸುಳ್ಳು.

ಆ ಗುರುತು ಕಟ್ಟಿದವನು ಅಪ್ಪನಲ್ಲ. ಅಳಿವೆಯಕ್ಕ.

ಆಗ ಅವಳಿಗೆ ಇಪ್ಪತ್ನಾಲ್ಕು. ಅಪ್ಪ ಜ್ವರ ಬಂದು ಮಲಗಿದ್ದ. ಹಳೆಯ ಹಗ್ಗ ಎಳೆ ಬಿಟ್ಟಿತ್ತು. ಅಪ್ಪ ಏಳುವಷ್ಟರಲ್ಲಿ ಹೊಸದನ್ನು ತಯಾರು ಮಾಡಿ ಶಹಭಾಸ್ ಅನ್ನಿಸಿಕೊಳ್ಳಬೇಕೆಂಬ ಉಮೇದು ಅವಳಿಗೆ. ಹಂಡೆಯ ತುಂಬ ಅಮ್ಮ ಬಟ್ಟೆ ನೆನೆಸಿದ್ದಳು. ಯಾರು ಕಾಯುತ್ತಾರೆ ಎಂದು ಜಗಲಿಯ ಮೇಲೆ ಒಣ ಹಗ್ಗ ಹಾಸಿಕೊಂಡೇ ಗುರುತು ಕಟ್ಟಿಬಿಟ್ಟಳು. ಅಪ್ಪ ಹಾಸಿಗೆಯಿಂದಲೇ ಕೇಳಿದ, "ನೆನೆಹಾಕಿದ್ಯಾ?"

"ಹೂಂ."

ಅಷ್ಟೇ. ಒಂದು ಹೂಂ.

ಅಪ್ಪ ಎದ್ದು ಆ ಹಗ್ಗದಲ್ಲೇ ಆಳ ಅಳೆದು ಪೀಪಾಯಿ ನಿಲ್ಲಿಸಿದ. ವಾರ ಕಳೆಯುವುದರೊಳಗೆ ಇಟ್ಟಿಗೆ ತುಂಬಿದ ದೊಡ್ಡ ದೋಣಿಯೊಂದು ಪೀಪಾಯಿಗಳ ನಟ್ಟನಡುವೆ ಮರಳಿಗೆ ಕಚ್ಚಿಕೊಂಡಿತು. ಅಲೆ ಹೊಡೆದು ಮಗ್ಗುಲು ಒಡೆಯಿತು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಆದರೆ ಆ ದೋಣಿಯ ಚುಕ್ಕಾಣಿ ಹಿಡಿದಿದ್ದವನು ಅವಳ ಸ್ವಂತ ಅಣ್ಣ. ನಾನು ದಾರಿಯ ನಡುವೆಯೇ ಇದ್ದೆ ಎಂದು ಅಣ್ಣ ಆಣೆ ಮಾಡಿ ಹೇಳಿದ. ಅಪ್ಪ ಅದೇ ಹಗ್ಗ ನೀರಿಗೆ ಬಿಟ್ಟು ಅಲ್ಲೇ ಅಳೆದು, ಎರಡು ಮಾರು ನೀರಿದೆ, ದೋಣಿಗೆ ಧಾರಾಳ ಸಾಕು, ನೀನು ದಾರಿ ಬಿಟ್ಟಿದ್ದೀಯ ಎಂದ. ದಾಖಲೆ ಪುಸ್ತಕದಲ್ಲೂ ಹಾಗೇ ಬರೆದ. ಮಗ ಎಂದು ಮುಲಾಜು ನೋಡುವ ಜಾಯಮಾನ ಅಪ್ಪನದಲ್ಲ. ಅಣ್ಣನ ಪರವಾನಗಿ ಹೋಯಿತು. ಅಪ್ಪ ಮಗ ಮಾತು ಬಿಟ್ಟರು, ಅಪ್ಪ ಸಾಯುವವರೆಗೂ ಬಿಟ್ಟೇ ಇದ್ದರು. ಮರುತಿಂಗಳು ಕಚೇರಿಯಿಂದ ಆಳ ಅಳೆಯಲು ಕಬ್ಬಿಣದ ಸರಪಳಿ ಬಂತು, ಹಗ್ಗ ಮೊಳೆ ಸೇರಿತು.

ಅವಳು ಆ ಹೂಂ ಅನ್ನು ಮರೆತಿದ್ದಳೋ, ಮರೆಯುವ ಹಾಗೆ ನೋಡಿಕೊಂಡಿದ್ದಳೋ, ಅವಳಿಗೇ ಗೊತ್ತಿಲ್ಲ. ನೆನಪಿಟ್ಟುಕೊಂಡಿದ್ದು ಬೇರೆ. ರಜೆಯ ಬೆಳಗ್ಗೆಗಳಲ್ಲಿ ಮೂವರೂ ಅಳಿವೆಗೆ ಹೋಗುತ್ತಿದ್ದದ್ದು. ಹಗ್ಗದ ತುದಿಯ ಸೀಸದ ಗುಂಡಿನ ತಳದ ಕುಳಿಗೆ ಅಪ್ಪ ಬಟ್ಟೆ ಸೋಪು ಮೆತ್ತುತ್ತಿದ್ದ. ಮೇಲೆ ಬಂದಾಗ ಅದಕ್ಕೆ ಅಂಟಿದ್ದು ಮರಳೋ ಕೆಸರೋ ಎಂದು ನೋಡಿ ಅವಳು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಪ್ಪ ದೋಣಿಯ ಮೂತಿಯಲ್ಲಿ ನಿಂತು "ಎರಡೂವರೆ ಮಾರು!" ಎಂದು ಕೂಗಿದರೆ, ಹಿಂದೆ ಚುಕ್ಕಾಣಿ ಹಿಡಿದ ಅಣ್ಣ "ಎರಡೂವರೆ ಮಾರು!" ಎಂದು ಮರುಕೂಗಬೇಕು. ಕೂಗದಿದ್ದರೆ ಅಪ್ಪ ಗುಂಡನ್ನು ಮತ್ತೆ ಬಿಡುತ್ತಲೇ ಇರಲಿಲ್ಲ. "ಕೇಳಿದೆ, ನಂಬಿದೆ ಅಂತ ಅದರರ್ಥ ಕಣೋ. ನಂಬದೆ ತಿರುಗಿಸಿದ್ರೆ ದೋಣಿ ಎತ್ತ ಹೋಗುತ್ತೆ?" ಎನ್ನುತ್ತಿದ್ದ. ಅಣ್ಣ ಬೇಕೆಂದೇ ಮೂಗಿನಲ್ಲಿ ಕೂಗುತ್ತಿದ್ದ. ಅಪ್ಪನ ಬೆನ್ನು ನಗುವಿಗೆ ಕುಲುಕುತ್ತಿತ್ತು. ಎಂಥ ದಿನಗಳವು! ಒದ್ದೆ ಸೆಣಬಿನ ವಾಸನೆ ಬಂದರೆ ಸಾಕು, ಇವತ್ತಿಗೂ ಅವಳಿಗೆ ಆ ಕೂಗು ಕೇಳುತ್ತದೆ.

"ಪೆಟ್ಟಿಗೇಲಿ ಇಡಬೇಡಮ್ಮ," ಎಂದಳು ಎಂಜಿನಿಯರ್ ಹುಡುಗಿಗೆ. "ಇದನ್ನ ಒಬ್ಬರಿಗೆ ತೋರಿಸೋದಿದೆ."

ಹಗ್ಗವನ್ನು ಸಂಚಿಗೆ ತುರುಕಿಕೊಂಡು ಹೊರಟಳು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಅವಳಿಗೆ ಉಳಿದಿರುವ ಒಬ್ಬನೇ ಒಬ್ಬ ಅಣ್ಣನೂ ಕೈಬಿಟ್ಟು ಹೋಗಬಹುದು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದಳು.

ಅಣ್ಣನದು ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಎಪ್ಪತ್ತು ಹತ್ತಿರವಾಗಿತ್ತು. ಕನ್ನಡಕ ಹಣೆಗೇರಿಸಿ, "ಏನೇ, ಬಿಸಿಲಲ್ಲಿ ಬಂದೆ? ರಿಟೈರ್ ಆಗೋ ಮೊದಲೇ ಪುರುಸೊತ್ತಾಯ್ತಾ?" ಎಂದ.

ಅವಳು ಸುತ್ತಿ ಬಳಸಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಹಗ್ಗ ಮುಳುಗಿಸಿದಳು. ಅದು ನೆನೆಯುವಷ್ಟು ಹೊತ್ತು ಎಲ್ಲ ಹೇಳಿದಳು, ಜ್ವರ, ಹಂಡೆ, ಆ ಹೂಂ. ಅವನು ಒಂದು ಚಕ್ರಕ್ಕೆ ಎಣ್ಣೆ ಬಿಡುತ್ತಲೇ ಇದ್ದ. ಕೊನೆಗೆ ಎದ್ದು ಹಗ್ಗ ಹಿಂಡಿ, ಅಡಿಕೋಲಿನಿಂದ ಎರಡನೆಯ ಗುರುತಿನವರೆಗೆ ತಾನೇ ಅಳೆದ. ಒಂದು ಗೇಣು ಕಡಿಮೆ ಬಂತು.

"ಒಂದು ಗೇಣು," ಎಂದ. "ಅಷ್ಟರಲ್ಲೇ ತಳ ಕಚ್ಚಿದ್ದು."

"ತಪ್ಪಾಯ್ತು ಅಣ್ಣ."

"ಅಪ್ಪ ಸಾಯುವಾಗ ನನ್ನ ಕಡೆ ಮುಖ ತಿರುಗಿಸ್ಲಿಲ್ಲ ಕಣೇ. ನಾನೇ ದಾರಿ ಬಿಟ್ಟಿದ್ನೇನೋ ಅಂತ ಬರಬರ್ತಾ ನಂಗೇ ಅನುಮಾನ ಬಂದಿತ್ತು." ಅವನು ಒದ್ದೆ ಹಗ್ಗವನ್ನು ಅವಳ ಕೈಗೆ ಹಾಕಿದ. "ಈಗ ಹೋಗು. ಇವತ್ತು ನಿನ್ನ ಮುಖ ನೋಡಕ್ಕಾಗಲ್ಲ."

ಅವಳು ಹೋದಳು. ಕಚೇರಿಯಲ್ಲಿ ಹಳೆಯ ದಾಖಲೆ ಪುಸ್ತಕ ತೆಗೆದು, ಅಪ್ಪನ ಸಾಲಿನ ಕೆಳಗೆ ತನ್ನ ಕೈಯಾರೆ ಬರೆದಳು: ಚುಕ್ಕಾಣಿಯವನ ತಪ್ಪಿಲ್ಲ, ಹಗ್ಗದ ತಪ್ಪು, ಹಗ್ಗಕ್ಕೆ ಗುರುತು ಕಟ್ಟಿದವಳು ನಾನು. ಸಹಿ ಹಾಕಿದಳು. ಆಮೇಲೆ ಚರ್ಮದ ಚೂರುಗಳನ್ನೆಲ್ಲ ಬಿಚ್ಚಿ ಹಗ್ಗವನ್ನು ಹಂಡೆಯ ನೀರಿಗೆ ಇಳಿಬಿಟ್ಟಳು. ಆ ವಾರವಿಡೀ ಅಣ್ಣನ ಸುದ್ದಿಯಿಲ್ಲ.

ಕೊನೆಯ ಅಳತೆಯ ಬೆಳಗ್ಗೆ ಅವಳು ದೋಣಿಯ ಕಟ್ಟು ಬಿಚ್ಚುತ್ತಿದ್ದಾಗ ಅಣ್ಣ ಧಕ್ಕೆಯ ಮೇಲೆ ಬಂದು ನಿಂತ. ಒಗೆದ ಅಂಗಿ, ಮುಖ ಗಂಟು.

"ಪುಸ್ತಕದಲ್ಲಿ ಬರೆದಿದ್ದೀಯಂತೆ. ಆ ಎಂಜಿನಿಯರ್ ಹುಡುಗಿ ಬಂದು ಹೇಳಿದ್ಲು."

"ಹೂಂ."

"ಚುಕ್ಕಾಣಿ ಯಾರು ಹಿಡೀತಾರೆ?"

ಅವಳು ಬಾಯಿ ಬಿಡುವ ಮೊದಲೇ ಹತ್ತಿ ಹಿಂದೆ ಕೂತುಬಿಟ್ಟ. ಮೂವತ್ತಾರು ವರ್ಷದ ಮೇಲೆ ಅವನ ಕೈ ಆ ಮರದ ಹಿಡಿಯ ಮೇಲೆ ಬಿದ್ದಿತ್ತು. ಅಳಿವೆಯ ಬಾಯಿಯಲ್ಲಿ ನೀರು ಕುದಿಯುತ್ತಿತ್ತು, ಎಡಕ್ಕೆ ಹಸಿರು ಪೀಪಾಯಿ, ಬಲಕ್ಕೆ ಕೆಂಪು. ಸರಪಳಿಯ ಬದಲು ಅವಳು ಆ ಹಳೆಯ ಹಗ್ಗವನ್ನೇ ತಂದಿದ್ದಳು. ಗುಂಡಿನ ತಳಕ್ಕೆ ಸೋಪು ಮೆತ್ತಿ, ಮೂತಿಯಲ್ಲಿ ನಿಂತು ಬೀಸಿ ಬಿಟ್ಟಳು. ಹಗ್ಗ ಜಾರಿತು, ತಳ ತಾಗಿತು.

"ಎರಡೂವರೆ ಮಾರು!"

ಹಿಂದಿನಿಂದ ಸದ್ದಿಲ್ಲ. ಎಂಜಿನ್ನಿನ ಗುಟುರು ಮಾತ್ರ. ಅವಳು ತಿರುಗಿ ನೋಡಲಿಲ್ಲ, ಧೈರ್ಯ ಬರಲಿಲ್ಲ. ಗುಂಡನ್ನು ಮೇಲೆಳೆದು ಕೈಯಲ್ಲಿ ಹಿಡಿದು ನಿಂತಳು.

ಕೊನೆಗೆ ಅಣ್ಣ ಕೇಳಿದ, "ನೆನೆಹಾಕಿದ್ಯಾ?"

"ಹೂಂ ಅಣ್ಣ," ಎಂದಳು. "ಮೂರು ದಿನ ನೆನೆಹಾಕಿ, ಒದ್ದೆಯಿರುವಾಗ್ಲೇ ಗುರುತು ಕಟ್ಟಿದೆ."

ಆಮೇಲೆ ಮುದಿ ಗಂಟಲೊಂದು ಮೂಗಿನಲ್ಲಿ ಕೂಗಿತು, "ಎರಡೂವರೆ ಮಾರು!" ದೋಣಿ ಮೆಲ್ಲಗೆ ತಿರುಗಿ ದಾರಿಯ ನಡುವಿಗೆ ಬಂತು. ಅವಳು ಕಣ್ಣೊರೆಸಿಕೊಂಡು ಗುಂಡನ್ನು ಮತ್ತೆ ಬಿಟ್ಟಳು.